ಮುಗಿಯದ ಸ್ಟೇಟ್ ಹೀಲ್, ಕೊನೆಗೂ ಮುಗಿಯಿತು

ಮನೆಯಲ್ಲೇ ಇಥೀರಿಯಂ ನೋಡ್ (ಆ ಬ್ಲಾಕ್‌ಚೈನನ್ನು ಇಳಿಸಿಕೊಂಡು ತಾನೇ ಪರಿಶೀಲಿಸುವ ಕಂಪ್ಯೂಟರ್) ಕಟ್ಟುತ್ತಿದ್ದೆ. ಇವತ್ತು ಬೆಳಗಿನ ಜಾವ ನಾಲ್ಕು ಗಂಟೆಗೆ ಅದರ ತಂತ್ರಾಂಶ ಗೆತ್‌ನ ಕನ್ಸೋಲಿನಲ್ಲಿ ‘ಇನ್ನೂ ಸಿಂಕ್ ಆಗುತ್ತಿದೆಯಾ’, ಅಂದರೆ ಚೈನಿನ ಡೇಟಾ ಇಳಿಯುತ್ತಲೇ ಇದೆಯಾ, ಅಂತ ಕೇಳಿದೆ. ‘ಫಾಲ್ಸ್’ ಅಂತ ಬಂತು. ನೋಡ್ ನಡೆಸುವವರಿಗೆ ಗೊತ್ತು, ಇಲ್ಲಿ ‘ಫಾಲ್ಸ್’ ಅಂದರೆ ಶುಭ ಸುದ್ದಿ. ಸಿಂಕ್ ಆಗೋದು ಇನ್ನೇನೂ ಉಳಿದಿಲ್ಲ ಅಂತ. ಹನ್ನೆರಡು ದಿನದಿಂದ ಈ ಒಂದು ಪದಕ್ಕೆ ಕಾದಿದ್ದೆ.

ಮಾಮೂಲಿ ಕೆಲಸದ ಬಗ್ಗೆ ಜಾಸ್ತಿ ಬರೆಯಲ್ಲ. ಮಿನಿ ಪಿಸಿ, 32 ಜಿಬಿ ರ್‍ಯಾಮ್, 2 ಟಿಬಿ ಎನ್‌ವಿಎಂಇ, ಡೆಬಿಯನ್. ಗೆತ್ ಜೊತೆಗೆ ಲೈಟ್‌ಹೌಸ್. 2022ರ ಸೆಪ್ಟೆಂಬರ್ 15ರ ಮರ್ಜ್ (ಇಥೀರಿಯಂ ಮೈನಿಂಗ್ ಬಿಟ್ಟು ಸ್ಟೇಕಿಂಗ್‌ಗೆ ಬದಲಾದದ್ದು) ಆದಮೇಲೆ ಎರಡು ಕ್ಲೈಂಟ್ ಬೇಕೇ ಬೇಕು ಅಲ್ವಾ: ವ್ಯವಹಾರ ನಡೆಸೋಕೆ ಗೆತ್, ಯಾವ ಬ್ಲಾಕ್ ಸರಿ ಅನ್ನುವ ಒಮ್ಮತಕ್ಕೆ ಲೈಟ್‌ಹೌಸ್. ಎರಡಕ್ಕೂ ಒಂದೇ ಜೆಡಬ್ಲ್ಯುಟಿ (ಗುಟ್ಟಿನ ಕೀಲಿ) ಫೈಲ್ ತೋರಿಸಿ, 8551 ಪೋರ್ಟಿನಲ್ಲಿ ಮಾತಾಡಿಸಿದೆ. ರೂಟರಿನಲ್ಲಿ 30303, 9000 ಪೋರ್ಟ್ ತೆರೆದೆ. ಚೆಕ್‌ಪಾಯಿಂಟ್ ಸಿಂಕ್ (ಇತ್ತೀಚಿನ ಒಂದು ನಂಬಿಕೆಯ ಹಂತದಿಂದ ಶುರು ಮಾಡುವುದು) ಇದ್ದದ್ದರಿಂದ ಲೈಟ್‌ಹೌಸ್ ಕೆಲವೇ ನಿಮಿಷದಲ್ಲಿ ಸಿದ್ಧ. ಇಷ್ಟಕ್ಕೆ ಅರ್ಧ ದಿನ ಸಾಕಾಯಿತು.

ಆಮೇಲೆ ಗೆತ್‌ನ ಸ್ಟೇಟ್ ಹೀಲ್ ಶುರುವಾಯಿತು.

ಗೆತ್ ಬಳಸುವ ಸ್ನ್ಯಾಪ್ ಸಿಂಕ್‌ನಲ್ಲಿ ಅಕೌಂಟುಗಳ ಮಾಹಿತಿ (ಇದೇ ಸ್ಟೇಟ್) ತುಂಡು ತುಂಡಾಗಿ ಬೇರೆ ಬೇರೆ ಪಿಯರ್‌ಗಳಿಂದ, ಅಂದರೆ ಇತರ ನೋಡ್‌ಗಳಿಂದ, ಇಳಿಯುತ್ತದೆ. ಆದರೆ ಪಿಯರ್‌ಗಳು ಸಾಮಾನ್ಯವಾಗಿ ಕೊನೆಯ 128 ಬ್ಲಾಕಿನ ಸ್ಟೇಟ್ ಮಾತ್ರ ಕೊಡುತ್ತವೆ. ಬ್ಲಾಕಿಗೆ 12 ಸೆಕೆಂಡ್ ಲೆಕ್ಕ ಹಾಕಿದರೆ ಸುಮಾರು 25 ನಿಮಿಷದ ಮಾತು. ಹಾಗಾಗಿ ಗೆತ್ ತನ್ನ ಗುರಿ ಬ್ಲಾಕನ್ನು ಮುಂದೆ ಮುಂದೆ ಸರಿಸುತ್ತಲೇ ಇರಬೇಕು. ಬೆಳಿಗ್ಗೆ ಇಳಿದ ತುಂಡು ಒಂದು ಬ್ಲಾಕಿನದು, ಸಂಜೆಯದು ಇನ್ನೊಂದರದು. ಎರಡನ್ನೂ ಸೇರಿಸಿದರೆ ಹೊಲಿಗೆ ಕೂಡುವುದಿಲ್ಲ. ಸ್ಟೇಟ್ ಇರುವುದು ಮರದ ಆಕಾರದಲ್ಲಿ. ಬೇರಿನಿಂದ ಹಿಡಿದು ಆ ಮರ ಪೂರ್ತಿ ನೋಡುತ್ತಾ ಹೋಗಿ, ಆ ಹೊಲಿಗೆ ಸರಿ ಮಾಡುವುದೇ ಹೀಲ್. ನಾವು ಸರಿ ಮಾಡುವ ವೇಗ ಚೈನ್ ಬದಲಾಗುವ ವೇಗಕ್ಕಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ, ಎಷ್ಟು ದಿನ ಹೊತ್ತರೂ ತುಂಬಲ್ಲ.

ನನ್ನದೂ ತುಂಬಲಿಲ್ಲ. ರಾತ್ರಿ ಲಾಗ್‌ನಲ್ಲಿ ‘ಪೆಂಡಿಂಗ್’ 3,000ಕ್ಕೆ ಇಳಿದಿತ್ತು, ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ 88,000. ಆ ಸಂಖ್ಯೆಯನ್ನು ನಂಬಿ ದಿನ ಎಣಿಸಬೇಡಿ. ಸದ್ಯಕ್ಕೆ ಕಣ್ಣಿಗೆ ಬಿದ್ದ ಬಾಕಿ ಕೆಲಸ ಅದು. ಒಟ್ಟು ಎಷ್ಟಿದೆ ಅಂತ ಗೆತ್‌ಗೇ ಗೊತ್ತಿರಲ್ಲ.

ಮೊದಲು ನೆಟ್‌ವರ್ಕ್ ಮೇಲೆ ಅನುಮಾನ ಬಂತು. ಪಿಯರ್ ಮಿತಿಯನ್ನು 50ರಿಂದ 100ಕ್ಕೆ ಏರಿಸಿದೆ. ಏನೂ ಆಗಲಿಲ್ಲ. ಕ್ಯಾಶ್ ಏರಿಸಿದೆ. ಅದೂ ಇಲ್ಲ. ಆಮೇಲೆ ಬಿಸಿ ನೋಡಿದೆ. ಎಸ್‌ಎಸ್‌ಡಿ 74 ಡಿಗ್ರಿ ತೋರಿಸುತ್ತಿತ್ತು. ಇದೇ ಕಳ್ಳ ಅಂದುಕೊಂಡು ಪುಟ್ಟ ಫ್ಯಾನ್ ಕೂರಿಸಿದೆ. 52ಕ್ಕೆ ಇಳಿಯಿತು. ಪೆಂಡಿಂಗ್ ಮಾತ್ರ ಇಳಿಯಲಿಲ್ಲ.

ಆರನೇ ರಾತ್ರಿ ಪಕ್ಕದ ಟರ್ಮಿನಲ್‌ನಲ್ಲಿ ಐಒಸ್ಟ್ಯಾಟ್ (ಡಿಸ್ಕ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟೂಲ್) ಹಾಕಿ ಸುಮ್ನೆ ನೋಡುತ್ತಾ ಕೂತೆ. ಡಿಸ್ಕ್ ಬಳಕೆ 100 ಪರ್ಸೆಂಟ್. ಒಂದು ಓದಿಗೆ ಕಾಯುವ ಸಮಯ 38 ಮಿಲಿಸೆಕೆಂಡ್! ಒಳ್ಳೆ ಎನ್‌ವಿಎಂಇ ಒಂದು ಮಿಲಿಸೆಕೆಂಡ್ ಕೂಡ ತಗೊಳ್ಳಲ್ಲ. ತಿರುಗುವ ಹಳೇ ಹಾರ್ಡ್ ಡಿಸ್ಕೇ ಇದಕ್ಕಿಂತ ವಾಸಿ. ಹೀಲ್ ಕೆಲಸ ನಿಂತಿರುವುದೇ ಚಿಕ್ಕ ಚಿಕ್ಕ ಓದಿನ ಮೇಲೆ. ಒಂದು ಕೊಂಬೆ ಓದಿದ ಮೇಲೆ ತಾನೇ ಅದರ ಕೆಳಗೆ ಏನಿದೆ ಅಂತ ಗೊತ್ತಾಗೋದು.

ಗೆತ್ ನಿಲ್ಲಿಸಿ, ಡಿಸ್ಕಿನ ವೇಗ ಅಳೆಯುವ ಫಿಯೊ ಓಡಿಸಿದೆ. 4ಕೆ ಬ್ಲಾಕ್, ರ್‍ಯಾಂಡಮ್, ಮುಕ್ಕಾಲು ಓದು, ಕಾಲು ಬರಹ. ಮೊದಲ ಇಪ್ಪತ್ತು ಸೆಕೆಂಡ್ ಅದ್ಭುತ. ಆಮೇಲೆ ದಡಬಡ ಇಳಿದು ಸೆಕೆಂಡಿಗೆ 1,900 ಓದು, 630 ಬರಹಕ್ಕೆ ನಿಂತಿತು. ಇದು ಕ್ಯೂಎಲ್‌ಸಿ ಅನ್ನುವ ಬಗೆಯ ಫ್ಲ್ಯಾಶ್‌ನ ಜಾತಕ. ಮುಂದೆ ಇರುವ ಎಸ್‌ಎಲ್‌ಸಿ ಕ್ಯಾಶ್ (ಸೆಲ್ಲಿಗೆ ಒಂದೇ ಬಿಟ್ ಬರೆಯುವ ವೇಗದ ಜಾಗ) ತುಂಬುವವರೆಗೆ ಹಾರಾಟ, ತುಂಬಿದ ಮೇಲೆ ಒಂದು ಸೆಲ್ಲಿಗೆ ನಾಲ್ಕು ಬಿಟ್ ತುರುಕುವ ಕಷ್ಟ. ಅದರ ಮೇಲೆ ಡಿರ್‍ಯಾಮ್ ಇಲ್ಲದಿದ್ದರೆ, ಡೇಟಾ ಎಲ್ಲಿದೆ ಅಂತ ಹುಡುಕುವ ಪಟ್ಟಿಯನ್ನೂ ಆಗಾಗ ಫ್ಲ್ಯಾಶ್‌ನಿಂದಲೇ ತರಬೇಕು.

ಸಿಟ್ಟು ಬಂದಿದ್ದು ಇಲ್ಲಿ. ನಾನು ಕೇಳಿ ತರಿಸಿದ್ದು ಡಿರ್‍ಯಾಮ್ ಇರುವ ಟಿಎಲ್‌ಸಿ (ಸೆಲ್ಲಿಗೆ ಮೂರೇ ಬಿಟ್) ಡಿಸ್ಕ್. ಎರಡು ವರ್ಷದ ಹಿಂದೆ ಗೆಳೆಯನ ನೋಡ್‌ಗೆ ಇದೇ ಮಾಡೆಲ್ ಹಾಕಿದ್ದೆ. ಅದು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಡಿಸ್ಕಿನ ವಿವರ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ನೋಡಿದರೆ ಮಾಡೆಲ್ ಅದೇ, ಫರ್ಮ್‌ವೇರ್ ಬೇರೆ. ಸ್ಟಿಕರ್ ಎತ್ತಿ ನೋಡಿದೆ. ಕಂಟ್ರೋಲರ್ ಪಕ್ಕ ಡಿರ್‍ಯಾಮ್ ಚಿಪ್ ಇರಬೇಕಾದ ಜಾಗ ಖಾಲಿ. ಬೆಸುಗೆ ಹಾಕುವ ಚುಕ್ಕಿಗಳ ಸಾಲು ಮಾತ್ರ ಹೊಳೆಯುತ್ತಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ! ಮಾರಿದವರು ‘ಮಾಡೆಲ್ ನಂಬರ್ ಸರಿಯಾಗೇ ಇದೆಯಲ್ಲ’ ಅಂದರು. ಅದಾದ ಮೇಲೆ ‘ಸ್ಟಿಕರ್ ತೆಗೆದಿದ್ದೀರಿ, ವಾಪಸ್ ತಗೊಳ್ಳಲ್ಲ’ ಅಂದರು. ಹೆಸರು ಹಾಗೇ ಇಟ್ಟು ಒಳಗಿನದನ್ನು ಬದಲಿಸುವುದು ಮೋಸ ಅಂತಲೇ ನಾನು ಹೇಳೋದು. ನೀವು ಹೊಸ ಡಿಸ್ಕ್ ತಂದ ದಿನವೇ ಅರ್ಧ ಗಂಟೆ ಫಿಯೊ ಓಡಿಸಿ, ಫಲಿತಾಂಶ ಎತ್ತಿಡಿ. ಸ್ಟಿಕರ್ ಮುಟ್ಟಬೇಡಿ.

ಎರಡನೇ ಡಿಸ್ಕ್ ಬೇರೆ ಕಡೆಯಿಂದ ತರಿಸಿದೆ. ಅರ್ಧ ಗಂಟೆ ಆದಮೇಲೂ 94,000 ಓದು, 31,000 ಬರಹ. ಹಳೇ ಡೇಟಾ ನಕಲು ಮಾಡದೆ ಮೊದಲಿಂದ ಸಿಂಕ್ ಹಚ್ಚಿದೆ. ಈ ಸಲ ಹೀಲ್‌ಗೆ ಬೇಕಾಗಿದ್ದು ಎರಡೂವರೆ ಗಂಟೆ. ಅದೇ ಗೆತ್, ಅದೇ ರೂಟರ್, ಅದೇ ರ್‍ಯಾಮ್.

ಜಾಗಕ್ಕೂ ಸದ್ಯ ಕೊರತೆ ಇಲ್ಲ. 2025ರ ಜುಲೈನಿಂದ ಮರ್ಜ್‌ಗಿಂತ ಹಿಂದಿನ ಬ್ಲಾಕ್ ಇತಿಹಾಸವನ್ನು ಕ್ಲೈಂಟ್‌ಗಳು ಬಿಡಬಹುದು. 300ರಿಂದ 500 ಜಿಬಿ ಉಳಿಯುತ್ತದೆ.

ವ್ಯಾಲೆಟ್‌ನ ಆರ್‌ಪಿಸಿ ವಿಳಾಸ (ಚೈನಿನ ವಿಷಯ ಅದು ಯಾವ ನೋಡನ್ನು ಕೇಳಬೇಕು ಅನ್ನುವುದು) ಅಳಿಸಿ ನನ್ನ ಪೆಟ್ಟಿಗೆಯ ವಿಳಾಸ ಹಾಕಿದೆ. ಬ್ಯಾಲೆನ್ಸ್ ತಟ್ಟನೆ ಬಂತು. ಪಕ್ಕದ ಪರದೆಯಲ್ಲಿ 12 ಸೆಕೆಂಡಿಗೊಂದು ಹೊಸ ಸಾಲು ಬೀಳುತ್ತಿತ್ತು. ಬೆಳಕು ಹರಿಯುವವರೆಗೂ ನೋಡುತ್ತಾ ಕೂತಿದ್ದೆ. 2020ರ ನವೆಂಬರ್ 11ರಂದು ಇನ್ಫ್ಯೂರಾ (ಬೇರೆಯವರಿಗೆ ನೋಡ್ ಸೇವೆ ಕೊಡುವ ಕಂಪನಿ) ಹಳೇ ಗೆತ್ ಆವೃತ್ತಿಯಿಂದಾಗಿ ನಿಂತಾಗ, ಅದನ್ನೇ ನಂಬಿದ್ದ ವ್ಯಾಲೆಟ್, ಆ್ಯಪ್‌ಗಳೂ ಕೈಕಟ್ಟಿ ಕೂತವು. ಚೈನ್ ಸಾವಿರಾರು ಕಡೆ ಇದ್ದರೂ ಬಾಗಿಲು ಒಂದೇ ಆದರೆ ಹೀಗೇ. ಆವತ್ತಿಂದ ನನಗೆ ಸ್ವಂತ ಬಾಗಿಲು ಬೇಕಿತ್ತು. ಅಂದ ಹಾಗೆ, ಆರ್‌ಪಿಸಿಯ 8545 ಪೋರ್ಟನ್ನು ಹೊರಗೆ ತೆರೆಯಬೇಡಿ. ಫೋನಿನಿಂದ ಬೇಕಾದಾಗ ನಾನು ವೈರ್‌ಗಾರ್ಡ್ ವಿಪಿಎನ್ ಮೂಲಕ ಬರುತ್ತೇನೆ.

ಆದರೆ ಆ್ಯಪ್‌ನ ಪುಟ ಈಗಲೂ ಇನ್ನೊಬ್ಬರ ಸರ್ವರಿನಿಂದ ಬರುತ್ತಿದೆ! ಅದನ್ನೂ ಮನೆಗೆ ತರಬೇಕು. ಅದಕ್ಕೆ ಮುಂದಿನ ಕೆಲಸ ಕುಬೊ, ಐಪಿಎಫ್‌ಎಸ್ (ಫೈಲ್‌ಗಳನ್ನು ಹಲವರ ಕಂಪ್ಯೂಟರ್‌ಗಳಿಂದ ಹಂಚುವ ಜಾಲ) ನಡೆಸುವ ತಂತ್ರಾಂಶ. ನಾನು ದಿನಾ ಬಳಸುವ ಎರಡು ಆ್ಯಪ್‌ಗಳ ಪುಟಗಳು ಐಪಿಎಫ್‌ಎಸ್‌ನಲ್ಲಿವೆ. ಅವನ್ನು ಪಿನ್ ಮಾಡಿ ಇಟ್ಟುಕೊಳ್ಳುತ್ತೇನೆ. ‘ಇದು ನನ್ನ ಹತ್ತಿರ ಇದೆ’ ಅನ್ನುವ ದಾಖಲೆ ಡಿಎಚ್‌ಟಿಯಲ್ಲಿ (ಯಾರ ಹತ್ತಿರ ಏನಿದೆ ಅನ್ನುವ, ಜಾಲದಲ್ಲೇ ಹಂಚಿಟ್ಟ ಪಟ್ಟಿ) 48 ಗಂಟೆ ಇರುತ್ತದೆ, ಕುಬೊ 22 ಗಂಟೆಗೊಮ್ಮೆ ಮತ್ತೆ ಸಾರುತ್ತದೆ. ಪೆಟ್ಟಿಗೆ ಒಂದು ರಾತ್ರಿ ಆರಿದರೂ ಹೆಸರು ಅಳಿಯಲ್ಲ. ಒಮ್ಮೆ ಬರೆದು ಆಗಾಗ ಓದುವ ಈ ಕೆಲಸಕ್ಕೆ ಆ ಕ್ಯೂಎಲ್‌ಸಿ ಡಿಸ್ಕೇ ಧಾರಾಳವಾಗಿ ಸಾಕು. ಅದರ ಸ್ಟಿಕರ್ ಮತ್ತೆ ಅಂಟಿಸಿ, ಮೇಲೆ ಮಾರ್ಕರ್‌ನಲ್ಲಿ ‘ಕುಬೊ’ ಅಂತ ಬರೆದಿಟ್ಟಿದ್ದೇನೆ. ಶನಿವಾರ ಅದರ 4001 ಪೋರ್ಟ್ ತೆರೆಯುತ್ತೇನೆ.