ಎಣ್ಣೆ, ಬೆವರು, ನೀರು: ವಿಜಯನಗರದ ಸ್ನಾನದ ನೆಲೆಗಳಲ್ಲಿ

ಈ ಸಲ ಹಂಪಿಗೆ ಹೋದಾಗ ದೇವಾಲಯಗಳನ್ನು ಬದಿಗಿಟ್ಟು, ಐನೂರು ವರ್ಷಗಳ ಹಿಂದೆ ಈ ರಾಜಧಾನಿಯವರು ಮೈ ತೊಳೆದುಕೊಳ್ಳುತ್ತಿದ್ದ ಬಗೆಯನ್ನು ತಿಳಿಯಲೆಂದೇ ಕಮಲಾಪುರದ ಕಡೆಯಿಂದ ಒಳಹೊಕ್ಕೆವು. ಆ ದಾರಿಯಲ್ಲಿ ಮೊದಲು ಸಿಗುವುದೇ ರಾಣಿಯರ ಸ್ನಾನಗೃಹ.

ಹೊರಗಿನಿಂದ ಅದು ಬೋಳು ಗೋಡೆಗಳ ಸಾಧಾರಣ ಕಟ್ಟಡ, ಸುತ್ತಲೂ ಕಂದಕ. ಒಳಗೆ ಕಾಲಿಟ್ಟರೆ ಕಮಾನುಗಳ ಮೊಗಸಾಲೆ, ಗಾರೆಯ ಅಲಂಕಾರ, ಕೊಳದತ್ತ ಚಾಚಿಕೊಂಡ ಬಾಲ್ಕನಿಗಳು, ನಡುವೆ ಸುಮಾರು 15 ಮೀಟರ್ ಚೌಕದ, ಆಕಾಶಕ್ಕೆ ತೆರೆದ ಕೊಳ. ರಾಣಿಯರ ಹೆಸರು ಇದಕ್ಕೆ ಅಂಟಿಕೊಂಡದ್ದು ಈಚೆಗೆ. ಜನಾನಾ ಆವರಣ, ಅಂದರೆ ರಾಣೀವಾಸ, ಎಂದು ಗುರುತಿಸುವ ಜಾಗದಿಂದ ಇದು ದೂರವೇ ಇದೆ. ಅರಸನೂ ಪರಿವಾರವೂ ಜಲಕ್ರೀಡೆಯಾಡುತ್ತಿದ್ದ ಸ್ಥಳವಿದೆಂಬ ವಿದ್ವಾಂಸರ ಅಭಿಪ್ರಾಯ ನನಗೂ ಒಪ್ಪಿತವೆನಿಸಿತು, ಏಕೆಂದರೆ ಎಣ್ಣೆ ಹಚ್ಚಿದ ಮೈಗಳು ಮತ್ತೆ ಮತ್ತೆ ಇಳಿದರೆ ಇಂಥ ಕೊಳದ ನೀರು ಕೆಡುತ್ತದೆ.

ಎಣ್ಣೆಯ ಮಾತು ಸುಮ್ಮನೆ ಬಂದದ್ದಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅದರ ಪ್ರಕಾರ ಅರಸನು ಬೆಳಕು ಹರಿಯುವ ಮೊದಲೇ ಅರ್ಧ ಲೀಟರಿಗೆ ತುಸು ಕಡಿಮೆಯಷ್ಟು ಎಳ್ಳೆಣ್ಣೆಯನ್ನು ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಪೂಸಿಕೊಂಡು, ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದನು. ಆಮೇಲೆ ಕತ್ತಿ ಹಿಡಿದು, ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ಸಾಧನೆ ಮಾಡಿ, ಜಟ್ಟಿಯೊಬ್ಬನೊಡನೆ ಕುಸ್ತಿಯಾಡಿ, ಬೆಳಗಾಗುವ ತನಕ ಕುದುರೆಯನ್ನೋಡಿಸುತ್ತಿದ್ದನು. ಸ್ನಾನ ಬರುವುದು ಇಷ್ಟೆಲ್ಲ ಮುಗಿದ ಮೇಲೆ. ಅದನ್ನು ಮಾಡಿಸುತ್ತಿದ್ದವನು ಅರಸನು ಪೂಜ್ಯನೆಂದು ಭಾವಿಸಿದ್ದ ಒಬ್ಬ ಬ್ರಾಹ್ಮಣ. ಮೊದಲು ಎಣ್ಣೆ, ಆಮೇಲೆ ಬೆವರು, ನೀರು ಬರುತ್ತಿದ್ದದ್ದು ಕೊನೆಗೆ. ಕುಡಿಯುವ ಭಾಗವೊಂದನ್ನು ಬಿಟ್ಟರೆ ನಮ್ಮ ನರಕಚತುರ್ದಶಿಯ ಅಭ್ಯಂಜನಕ್ಕೂ ಇದಕ್ಕೂ ಹೆಚ್ಚಿನ ದೂರವಿಲ್ಲ.

ಈ ಅಭಿರುಚಿ ವಿಜಯನಗರದಲ್ಲಿ ಹುಟ್ಟಿದ್ದೂ ಅಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಸ್ನಾನವನ್ನು ಅರಸನ ಉಪಭೋಗಗಳ ಸಾಲಿಗೇ ಸೇರಿಸುತ್ತದೆ.

ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲುಗಳ ಪುಷ್ಕರಣಿಯ ಮುಂದೆ ನಾವು ಹೆಚ್ಚು ಹೊತ್ತು ನಿಂತೆವು. 1980ರ ದಶಕದ ಉತ್ಖನನದಲ್ಲಿ ಹೊರಬಂದ ಇದರ ಕಪ್ಪು ಕಲ್ಲುಗಳ ಮೇಲೆ, ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂಬುದನ್ನು ಸೂಚಿಸುವ ಗುರುತುಗಳೂ ಕನ್ನಡ ಅಕ್ಷರಗಳೂ ಇವೆ. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿರಬೇಕು. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಕಲ್ಲುದೋಣಿಗಳ ಸಾಲು ಇದರ ಅಂಚಿನವರೆಗೂ ನೀರು ತರುತ್ತಿತ್ತು. ಹಬ್ಬದ ಆಚರಣೆಗಳು ನಡೆಯುತ್ತಿದ್ದ ದಿಬ್ಬದ ಪಕ್ಕದಲ್ಲೇ ಇರುವುದರಿಂದ ಈ ಕೊಳವನ್ನು ಮಡಿಯ ಸ್ನಾನಕ್ಕೆ ಬಳಸುತ್ತಿದ್ದರೆಂದು ಊಹಿಸುವುದು ಸಹಜ. ಅಷ್ಟಕೋನದ ಸ್ನಾನಗೃಹವನ್ನು ಬಿಸಿಲಿನ ಕಾರಣ ಬೇಗ ನೋಡಿ ಮುಗಿಸಿದೆವು. ನಡುವೆ ಎಂಟು ಮೂಲೆಯ ಜಗಲಿ, ಸುತ್ತ ಕಂಬಗಳ ಪಡಸಾಲೆಯಿರುವ ಅದು ವಿಹಾರಕ್ಕೆಂದೇ ಕಟ್ಟಿದಂತಿದೆ.

ಸಂಜೆ ಕೋದಂಡರಾಮನ ಗುಡಿಯ ಮುಂದಿನ ಚಕ್ರತೀರ್ಥಕ್ಕೆ ಬಂದೆವು. ತುಂಗಭದ್ರೆ ಇಲ್ಲಿ ಉತ್ತರಕ್ಕೆ ಹೊರಳುವುದರಿಂದ ಈ ಮಡುವಿನ ಸ್ನಾನ ಪುಣ್ಯಕರವೆಂದು ನಂಬಿಕೆ. ಕೊಳ ಕಟ್ಟಿಸಿಕೊಳ್ಳಲಾಗದ ಜನಸಾಮಾನ್ಯರಿಗೆ ಇದ್ದದ್ದು ಈ ನದಿ ಮತ್ತು ಅದರಿಂದ ತೆಗೆದ ಕಾಲುವೆಗಳು. ಅವುಗಳಲ್ಲೊಂದಾದ ತುರ್ತು ಕಾಲುವೆಯು ಹಂಪಿಯ ಗದ್ದೆ, ಬಾಳೆತೋಟಗಳಿಗೆ ಈಗಲೂ ನೀರುಣಿಸುತ್ತಿದೆ.