ರಾಮ, ಗೋಳಗುಮ್ಮಟ ಮತ್ತು ನಮ್ಮ ಅಣ್ಣನ ಮಗ

ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿತ್ತು. ವಿಜಯಪುರದ ಬಿಸಿಲು ಗೊತ್ತಲ್ಲ, ಹೊರಗೆ ಕಾಲಿಡುವಂತಿಲ್ಲ. ಹಿಂದೆ ಯಾವಾಗಲೋ ಗಾಡಿಯ ಮೇಲೆ ಕೊಂಡಿದ್ದ ಆರ್ಥರ್ ಸಿ. ಕ್ಲಾರ್ಕ್ ಅವರ ‘ರೆಂಡೆವೂ ವಿತ್ ರಾಮ’ ಕೈಗೆತ್ತಿಕೊಂಡೆ. 1973ರ ಕಾದಂಬರಿ. ವೈಜ್ಞಾನಿಕ ಕತೆ-ಕಾದಂಬರಿಗೆ ಕೊಡುವ ಹ್ಯೂಗೋ, ನೆಬ್ಯುಲಾ ಪ್ರಶಸ್ತಿ ಎರಡನ್ನೂ ಬಾಚಿಕೊಂಡಿತ್ತು. ರಟ್ಟು ಹರಿದಿದೆ. ಕೊನೆಯ ಪುಟದಲ್ಲಿ ಯಾರೋ ಹಾಲಿನ ಲೆಕ್ಕ ಬರೆದಿದ್ದಾರೆ.

ಸೌರಮಂಡಲಕ್ಕೆ ಸುಮಾರು 50 ಕಿ.ಮೀ. ಉದ್ದದ, ಡಬ್ಬಿಯಂಥ ನೌಕೆ ಬರುತ್ತದೆ. ಅದರ ಹೆಸರೇ ರಾಮ. ಮನುಷ್ಯರು ಒಳಗೆ ಹೋಗುತ್ತಾರೆ. ಕಗ್ಗತ್ತಲು. ಆಮೇಲೆ ಒಂದು ಫ್ಲೇರ್ ಹೊತ್ತಿ ಉರಿದಾಗ ಆ ಒಳಗಿನ ಲೋಕ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಬಂದು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ಯಾಕೆಂದರೆ ಇದು ನನಗೆ ಗೊತ್ತಿರುವ ಅನುಭವ. ಗೋಳಗುಮ್ಮಟದ ಮೂಲೆಯ ಮಿನಾರದಲ್ಲಿ ಆ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಸಣ್ಣ ಬಾಗಿಲಲ್ಲಿ ತಲೆ ತೂರಿಸಿದರೆ ಕೆಳಗೆ, ಮೇಲೆ ಬರೀ ಬಯಲು. ಒಂದೂ ಕಂಬವಿಲ್ಲ. ಆಚೆ ಗೋಡೆಗೆ ಯಾರೋ ಪಿಸುಗುಟ್ಟಿದ್ದು ನಮ್ಮ ಕಿವಿಯಲ್ಲೇ ಹೇಳಿದ ಹಾಗೆ.

ಕ್ಲಾರ್ಕ್ ಅವರ ಪಾತ್ರಗಳು ಸಪ್ಪೆ, ನಿಜ. ಯಾರ ಹೆಸರೂ ಜಾಸ್ತಿ ದಿನ ನೆನಪಿರಲ್ಲ. ಆದರೆ ಜಾಗ ಕಟ್ಟುವುದರಲ್ಲಿ ಮಾತ್ರ ಭಾರಿ ಕೈ.

ಸಂಜೆ ಅಣ್ಣನ ಮಗನಿಗೆ ಕತೆ ಹೇಳಿದೆ.

“ಕಾಕಾ, ಅದನ್ನ ಕಟ್ಟಿದವ್ರು ಹೆಂಗಿದ್ರು?”

“ಕಡೀತನಕ ಸಿಗೂದೇ ಇಲ್ಲೋ.”

“ಮತ್ತ ಪ್ರೈಜ್ ಯಾಕ ಕೊಟ್ರು?”