ಓಡುವ ಮೀನನ್ನು ಎಣಿಸುವುದು ಹೇಗೆ?

ಉಷ್ಣವಲಯದ ದ್ವೀಪಗಳ ಸುತ್ತಲಿನ ಸಂರಕ್ಷಿತ ಕಡಲಿನಲ್ಲಿ ಸಮೀಕ್ಷೆ ಮಾಡುವುದು ನನ್ನ ಕೆಲಸ ಎಂದು ಹೇಳಿದ ಕೂಡಲೇ ಎದುರಾಗುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮೀನು ನಿಂತಲ್ಲಿ ನಿಲ್ಲುವುದಿಲ್ಲವಲ್ಲ, ಎಣಿಸಿದ್ದನ್ನೇ ಮತ್ತೆ ಎಣಿಸಿಲ್ಲ ಎಂದು ಹೇಗೆ ಹೇಳುತ್ತೀರಿ? ಖಚಿತವಾಗಿ ಹೇಳಲಾಗುವುದಿಲ್ಲ ಎಂಬುದೇ ನನ್ನ ಮೊದಲ ಉತ್ತರ. ನಾವು ಮಾಡುವುದು ಜನಗಣತಿಯಂಥ ಲೆಕ್ಕವಲ್ಲ. ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ, ವರ್ಷ ವರ್ಷವೂ ಅದೇ ಬಗೆಯ ತಪ್ಪನ್ನು ಮಾಡುತ್ತ ಹೋದರೆ, ತಪ್ಪಿನ ನಡುವೆಯೂ ಏರಿಳಿತ ಕಾಣುತ್ತದೆ.

ಹವಳದ ದಿಬ್ಬದ ಮೇಲೆ ಸಾಮಾನ್ಯವಾಗಿ 50 ಮೀಟರ್ ಉದ್ದ, 5 ಮೀಟರ್ ಅಗಲದ ಪಟ್ಟಿಯೊಂದನ್ನು ಆರಿಸಿಕೊಳ್ಳುತ್ತೇವೆ. ಮುಂದೆ ಹೋಗುವವನು ದೊಡ್ಡ ಮೀನುಗಳನ್ನು ಎಣಿಸುತ್ತ ಸಾಗುತ್ತಾನೆ; ಅವನ ಹಿಂದಿನವನು ಟೇಪು ಬಿಚ್ಚುತ್ತ ಬರುತ್ತಾನೆ. ಟೇಪು ಹಾಸಿ ಮುಗಿಸಿ ಎಣಿಸಲು ಹೊರಟರೆ ಗ್ರೂಪರ್, ಸ್ನ್ಯಾಪರ್‌ಗಳು ಅಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತವೆ. ಹಿಂದಿನಿಂದ ಬಂದು ದಾಟಿಹೋದ ಮೀನು ಲೆಕ್ಕಕ್ಕಿಲ್ಲ. ಹವಳದ ಸಂದಿಯಲ್ಲೇ ಬದುಕುವ ಪುಟ್ಟ ಮೀನುಗಳನ್ನು ಹಿಂದಿರುಗುವಾಗ, ಇನ್ನೂ ಕಿರಿದಾದ ಪಟ್ಟಿಯಲ್ಲಿ ಎಣಿಸುತ್ತೇವೆ.

ಎಣಿಕೆಗಿಂತ ಕಷ್ಟದ್ದು ಉದ್ದದ ಅಂದಾಜು. ಮುಖಗಾಜಿನ ಮೂಲಕ ನೀರಿನೊಳಗಿನ ವಸ್ತು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಮೀನಿನ ತೂಕ ಅದರ ಉದ್ದದ ಘನಕ್ಕೆ ಅನುಗುಣವಾಗಿ ಏರುವುದರಿಂದ, 30 ಸೆಂಟಿಮೀಟರಿನ ಗಿಳಿಮೀನನ್ನು 33 ಎಂದು ಬರೆದುಕೊಂಡರೆ ತೂಕ ಮೂರನೇ ಒಂದು ಪಾಲು ಹೆಚ್ಚಿಬಿಡುತ್ತದೆ. ಅದಕ್ಕಾಗಿಯೇ ಕೆಲಸ ಆರಂಭಿಸುವ ಮುನ್ನ, ಅಳತೆ ಗೊತ್ತಿರುವ ಪ್ಲಾಸ್ಟಿಕ್ ಕೊಳವೆಯ ತುಂಡುಗಳನ್ನು ನೀರಿನಲ್ಲಿ ತೂಗುಬಿಟ್ಟು ಕಣ್ಣನ್ನು ಪಳಗಿಸಿಕೊಳ್ಳುತ್ತೇವೆ. ಇದು ಬೇಸರದ ಕೆಲಸ. ಇದನ್ನು ಬಿಟ್ಟವರ ಅಂಕಿಗಳನ್ನು ಮಾತ್ರ ನಾನು ನಂಬುವುದಿಲ್ಲ.

ಇನ್ನೊಂದು ತೊಡಕು ನಮ್ಮಿಂದಲೇ ಬರುತ್ತದೆ. ಈಟಿಯ ಬೇಟೆ ನಡೆಯುವ ಕಡೆ ಮೀನುಗಳು ಮನುಷ್ಯನನ್ನು ಕಂಡೊಡನೆ ಓಡುತ್ತವೆ. ಬೇಟೆಯಿಲ್ಲದ ಕಡೆ ಹತ್ತಿರ ಬಂದು ನೋಡುತ್ತವೆ. ಹಾಗಾಗಿ ಮೀಸಲಿನ ಒಳಗೂ ಹೊರಗೂ ಕಾಣುವ ವ್ಯತ್ಯಾಸದಲ್ಲಿ ಸಂಖ್ಯೆ ಎಷ್ಟು, ಧೈರ್ಯ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಎರೆ ಕಟ್ಟಿದ ಕ್ಯಾಮೆರಾವನ್ನು ತಳಕ್ಕಿಳಿಸಿ ದೂರ ಸರಿಯುವುದು ಇದಕ್ಕೆ ಒಂದು ದಾರಿ. ಅಲ್ಲಿ ಒಂದೇ ಶಾರ್ಕ್ ಹತ್ತು ಸಲ ಬಂದು ಹೋಗಬಹುದಾದ್ದರಿಂದ, ಒಂದೇ ಚೌಕಟ್ಟಿನಲ್ಲಿ ಏಕಕಾಲಕ್ಕೆ ಕಂಡ ಗರಿಷ್ಠ ಸಂಖ್ಯೆಯನ್ನಷ್ಟೇ ಬರೆದುಕೊಳ್ಳುತ್ತೇವೆ. ಈ ಲೆಕ್ಕ ಕಡಿಮೆ ಹೇಳುತ್ತದೆಯೇ ಹೊರತು ಹೆಚ್ಚು ಹೇಳುವುದಿಲ್ಲ.

ದಡದ ಮೇಲಿನ ಲೆಕ್ಕವೂ ನಮ್ಮದೇ. ಕಡಲಾಮೆ ರಾತ್ರಿ ಹತ್ತಿಳಿದ ಜಾಡನ್ನು ಬೆಳಗಿನ ಜಾವ ಓದುತ್ತೇವೆ: ಹಸಿರು ಕಡಲಾಮೆ ಎರಡೂ ಮುಂಗಾಲುಗಳನ್ನು ಒಟ್ಟಿಗೆ ಊರುವುದರಿಂದ ಅದರ ಗುರುತುಗಳು ಎರಡು ಬದಿಯಲ್ಲೂ ಸಮವಾಗಿರುತ್ತವೆ, ಹಾಕ್ಸ್‌ಬಿಲ್ ಎಂಬ ಇನ್ನೊಂದು ಜಾತಿಯ ಕಡಲಾಮೆಯವು ಒಂದಾದ ಮೇಲೊಂದರಂತೆ ಓರೆಯಾಗಿರುತ್ತವೆ. ಎಣಿಸಿದ ಜಾಡಿನ ಮೇಲೆ ಅಡ್ಡ ಗೆರೆ ಎಳೆದರೆ ನಾಳೆ ಅದೇ ಜಾಡು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಂದೇ ಆಮೆ ಒಂದು ಋತುವಿನಲ್ಲಿ ಹಲವು ಸಲ ಮೊಟ್ಟೆಯಿಡುವುದರಿಂದ ಜಾಡಿನ ಸಂಖ್ಯೆಯೇ ಆಮೆಯ ಸಂಖ್ಯೆಯಲ್ಲ. 1968ರಲ್ಲಿ ರಕ್ಷಣೆ ದೊರೆತ ಬಳಿಕ ಸೇಶೆಲ್ಸ್‌ನ ಅಲ್ಡಾಬ್ರಾ ಹವಳದ್ವೀಪದಲ್ಲಿ ಹಸಿರು ಕಡಲಾಮೆಗಳು ಹೆಚ್ಚಿದವೆಂದು ತಿಳಿದದ್ದು ದಶಕಗಳ ಕಾಲ ಹೀಗೆ ಜಾಡು ಎಣಿಸಿದ್ದರಿಂದಲೇ. ಹಕ್ಕಿಗಳನ್ನೂ ಬಿಡುವಂತಿಲ್ಲ: ಹಿಂದೂ ಮಹಾಸಾಗರದ ಛಾಗೋಸ್ ದ್ವೀಪಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಕ್ಕಿಯ ಮೊಟ್ಟೆ, ಮರಿ ತಿನ್ನುವ ಇಲಿಗಳಿಲ್ಲದ, ಕಡಲಹಕ್ಕಿಗಳು ತುಂಬಿದ ದ್ವೀಪಗಳ ಪಕ್ಕದ ದಿಬ್ಬಗಳಲ್ಲಿ ಮೀನಿನ ಒಟ್ಟು ತೂಕ, ಇಲಿಗಳಿರುವ ದ್ವೀಪಗಳ ಪಕ್ಕದಲ್ಲಿದ್ದುದಕ್ಕಿಂತ 48 ಶೇಕಡಾ ಹೆಚ್ಚಿತ್ತು. ಹಕ್ಕಿಯ ಹಿಕ್ಕೆಯ ಸಾರಜನಕ ನೀರಿಗಿಳಿದು ದಿಬ್ಬವನ್ನು ಪೋಷಿಸುತ್ತಿತ್ತು.

ಇಷ್ಟೆಲ್ಲ ಆದಮೇಲೂ, ಮೀಸಲಿನ ಅಂಚಿನಲ್ಲಿ ಬಲೆ ಬೀಸುವವರು ಹಿಡಿದದ್ದೆಷ್ಟು ಎಂಬುದು ತಿಳಿಯದಿದ್ದರೆ ಚಿತ್ರ ಅರ್ಧವೇ. ದೋಣಿ ದಡ ಸೇರುವ ಜಾಗದಲ್ಲಿ ತಕ್ಕಡಿಯೊಂದಿಗೆ ಕುಳಿತು, ಎಷ್ಟು ಜನ, ಎಷ್ಟು ತಾಸು, ಯಾವ ಬಲೆ ಎಂದು ಕೇಳುತ್ತೇವೆ. ತಾಸಿನ ಲೆಕ್ಕವಿಲ್ಲದ ಕಿಲೋಗೆ ಅರ್ಥವಿಲ್ಲ. ಏನೂ ಸಿಗದ ದೋಣಿ ತಕ್ಕಡಿಯ ಕಡೆಗೆ ಬರುವುದೇ ಇಲ್ಲ. ಆದ್ದರಿಂದ ಸಂಜೆ ದಡದ ಉದ್ದಕ್ಕೂ ನಡೆದು, ಬಲೆ ಒಣಹಾಕುತ್ತಿರುವವರನ್ನು ಹುಡುಕಿ, ಅವರು ಕಡಲಿನಲ್ಲಿ ಕಳೆದ ತಾಸುಗಳನ್ನು ಕೇಳಿಕೊಂಡು, ಪಕ್ಕದ ಕಾಲಮಿನಲ್ಲಿ ಸೊನ್ನೆ ಬರೆದುಕೊಂಡು ಬರುತ್ತೇನೆ.